ಹಿಂದೆಳೆದ ಕಾಲು

ಮೂರ್ನಾಡು ಸುತ್ತಿನ ಮನೆಗಳಲ್ಲಿ ಅಣ್ಣತಮ್ಮಂದಿರು ಕಿತ್ತಾಡಿದರೆ, ಗಂಡನ ಮನೆಯಿಂದ ಹೆಣ್ಣು ಮುನಿಸಿಕೊಂಡು ಬಂದರೆ, ಮೊದಲು ಕರೆಸುತ್ತಿದ್ದುದು ನಾಣಯ್ಯನನ್ನು. ಯಾರ ಸಿಟ್ಟು ನಿಜ, ಯಾರದು ಬರೀ ಬಿಗುಮಾನ, ಯಾರನ್ನು ಇನ್ನೊಂದು ಸಲ ಕರೆದರೆ ಊಟಕ್ಕೆ ಕೂರುತ್ತಾರೆ ಎಂಬುದೆಲ್ಲ ಅವನಿಗೆ ಮುಖ ನೋಡಿದರೆ ತಿಳಿಯುತ್ತಿತ್ತು. ರಾಜಿಯಾದ ಮನೆಯಲ್ಲಿ ಹಂದಿಕರಿ, ಜೊತೆಗೆ ರಮ್. ಬೇಡವೆಂದರೆ ಮನೆಯವರಿಗೆ ಅವಮಾನ. ಹಾಗೆ ಊರಿನವರೇ ಪ್ರೀತಿಯಿಂದ ಹೊಯ್ದು ಹೊಯ್ದು ಅವನನ್ನು ಹಾಳು ಮಾಡಿದರು. ಆಮೇಲೆ ಕುಡುಕನೆಂದು ಕರೆಸುವುದನ್ನೇ ಬಿಟ್ಟರು.

ಕುಡಿತ ಮೊದಲು ಕೆಡಿಸುವುದು ನಾಲಿಗೆಯನ್ನು ಅಂತ ಜನ ತಿಳಿದಿದ್ದಾರೆ. ನಾಣಯ್ಯನ ನಾಲಿಗೆ ಚುರುಕಾಗಿಯೇ ಇತ್ತು. ಕೆಟ್ಟದ್ದು ಮುಖ ಓದುವ ಬುದ್ಧಿ. ಹೆಂಡತಿ ಪ್ರೇಮಾವತಿ ಹೆದರಿ ಸುಮ್ಮನಿದ್ದರೆ ಅದು ತಿರಸ್ಕಾರ. ನೆರೆಯವನು ತಮಾಷೆ ಮಾಡಿದರೆ ಅದು ಜಗಳ. ಅಳಿಯ ಮಿಲನ್‌ನ ತಂಗಿಯ ಮದುವೆಯಲ್ಲಿ ಬೀಗಿತ್ತಿ ಕುಸುಮಾ, ಸಾಕು ಬಾವ, ಊಟ ಮಾಡಿ ಎಂದದ್ದಕ್ಕೆ ಚಪ್ಪರದಲ್ಲೇ ಆಕೆಯನ್ನು ಹೊಲಸು ಮಾತಿನಲ್ಲಿ ಬೈದ. ಮಿಲನ್ ಮಾವನ ಕುತ್ತಿಗೆ ಹಿಡಿದು ಹೊರಗೆ ದಬ್ಬಿದ. ಮಗಳು ಅಶ್ವಿತಾ ಅಂದೇ ಅಪ್ಪನ ಜೊತೆ ತವರಿಗೆ ಬಂದುಬಿಟ್ಟಳು. ಬಂದವಳಿಗೆ ವಾಪಸು ಹೋಗುವ ಆಸೆ. ಕರೆಯದೆ ಹೋಗುವುದು ಹೇಗೆ?

ಅಷ್ಟರಲ್ಲಿ ನಾಣಯ್ಯನ ಕಾಲು ಊದಿಕೊಂಡಿತು. ಇನ್ನು ಕುಡಿದರೆ ಹೆಣವೇ ಎಂದರು ಡಾಕ್ಟರು. ಬಿಟ್ಟ. ನಿಜವಾಗಿಯೇ ಬಿಟ್ಟ. ಇಡೀ ಕಾಫಿ ಕೊಯ್ಲು ಒಂದು ಹನಿ ಮುಟ್ಟದೆ ಕಳೆದ. ಗಂಡ ಮೊದಲಿನಂತಾದ ಎಂದು ನಂಬಿ ಪ್ರೇಮಾವತಿಯೇ ಬೀಗರಿಗೆ ಫೋನು ಮಾಡಿದಳು. ಮಿಲನ್ ಬಂದು ಮಾವನ ಕಾಲು ಮುಟ್ಟಿದರೆ ಸಾಕು, ಮಗಳು ಅವತ್ತೇ ಹೊರಡುತ್ತಾಳೆ ಎಂದಳು.

ಆದಿತ್ಯವಾರ ಮಿಲನ್ ಬಂದ, ಅಪ್ಪ ದೇರಪ್ಪನ ಜೊತೆ. ಅಶ್ವಿತಾ ಹೊಸ ಸೀರೆ ಉಟ್ಟು ಒಳಬಾಗಿಲಲ್ಲಿ ನಿಂತಿದ್ದಳು. ಇಲ್ಲಿ ಹಿರಿಯರ ಕಾಲು ಮುಟ್ಟಿ ಹಣೆಗೊತ್ತಿಕೊಳ್ಳುವುದು ಮೂರು ಸಲ. ಹಿರಿಯರು ತಲೆ ಮೇಲೆ ಕೈಯಿಟ್ಟರೆ ಎಲ್ಲ ಮುಗಿದ ಹಾಗೆ, ತಪ್ಪಾಯಿತು ಅನ್ನುವ ಮಾತೂ ಬೇಡ. ಮಿಲನ್ ಬಗ್ಗಿ ಮೊದಲ ಸಲ ಮುಟ್ಟಿದ. ಬೆರಳು ಒತ್ತಿದಲ್ಲಿ ಗುಳಿ ಬಿತ್ತು. ಬಿದ್ದದ್ದು ಹಾಗೇ ಉಳಿಯಿತು. ಮಾವನ ಮೈ ಇಷ್ಟು ಕೆಟ್ಟಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಕೈ ಅಲ್ಲೇ ನಿಂತಿತು, ಅಳು ತಡೆಯಲು ಹೋಗಿ ಮುಖ ಸೊಟ್ಟಗಾಯಿತು.

ನಾಣಯ್ಯ ಆ ಮುಖ ನೋಡಿದ. ಕಾಲನ್ನು ಹಿಂದಕ್ಕೆಳೆದುಕೊಂಡ.

"ಅಷ್ಟು ಹೇಸಿಗೆ ಆದ್ರೆ ಮುಟ್ಟುದು ಎಂತಕೆ ಮಾರಾಯ?"

ದೇರಪ್ಪ ಎದ್ದು ನಿಂತ. ಕಾಲು ಎಳೆದುಕೊಂಡ ಮನೆಯಲ್ಲಿ ನೀರು ಕೂಡ ಕುಡಿಯುವಂತಿಲ್ಲ. ಪ್ರೇಮಾವತಿ ಅಡ್ಡ ನಿಂತು ಬೇಡಿಕೊಂಡಳು. ಅವರಿಗೆ ತಿಳಿಯಲಿಲ್ಲ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದಳು.

"ಕುಡ್ದು ಎಳ್ಕಂಡಿದ್ರೆ ನಾ ಮನಸ್ಸಿಗೆ ಹಚ್ಕಂತಿರ್ಲಿಲ್ಲ ತಂಗಿ," ಎಂದ ದೇರಪ್ಪ. "ಇಂದು ಅವ ಕುಡ್ದಿಲ್ಲ."

ಜೀಪು ಗೇಟು ದಾಟಿತು. ಬಾಟಲಿ ಹೋದರೆ ಗಂಡ ಸಿಗುತ್ತಾನೆಂದು ಇಷ್ಟು ವರ್ಷ ಕಾದಿದ್ದ ಪ್ರೇಮಾವತಿ ಮೆಟ್ಟಿಲ ಮೇಲೆ ಕುಳಿತಳು. ಅಶ್ವಿತಾ ಗೋಡೆಗೆ ಮುಖ ಒತ್ತಿಕೊಂಡು ಅಳುತ್ತಿದ್ದಳು, ಸದ್ದಿಲ್ಲದೆ, ಬೆನ್ನು ಮಾತ್ರ ಕುಲುಕುತ್ತಿತ್ತು. ನಾಣಯ್ಯ ಅವಳನ್ನು ಸ್ವಲ್ಪ ಹೊತ್ತು ನೋಡಿ, ಒಂದು ದೊಡ್ಡ ರಾಜಿ ಮುಗಿಸಿದವನ ನೆಮ್ಮದಿಯಲ್ಲಿ ಹೆಂಡತಿಯ ಕಡೆ ತಿರುಗಿದ.

"ನೋಡು, ನಗಾಡ್ತಾ ಉಟ್ಟು ನಮ್ಮ ಗೂಡೆ. ಅವ್ಳಿಗೂ ಆ ಮನೆ ಬೇಡ ಇತ್ತು."