ತೂತಿನ ಸಿಮೆಂಟು

ಆ ದಿನ ಅಕ್ಕನ ಬಲಗಾಲು ಮಗ್ಗದ ಗುಂಡಿಯೊಳಗಿತ್ತೋ ಹೊರಗಿತ್ತೋ, ನನಗೆ ಖಾತ್ರಿಯಿಲ್ಲ. ಎರಡೂ ಚಿತ್ರಗಳು ಕಣ್ಣ ಮುಂದೆ ಬರುತ್ತವೆ, ಎರಡೂ ಅಷ್ಟೇ ಸ್ಪಷ್ಟ. ಒಂದನ್ನು ನಾನೇ ಕಟ್ಟಿಕೊಂಡಿರಬೇಕು.

ಅಕ್ಕ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಾಳೆ. ಅವಳ ಬಲ ಮೊಣಕಾಲಿನ ಕೆಳಗಿನ ಮೂಳೆಯನ್ನು ಒಂದು ನೀರುಗುಳ್ಳೆ ಒಳಗಿಂದ ಟೊಳ್ಳು ಮಾಡಿತ್ತು. ಕೆಟ್ಟ ಗಂಟಲ್ಲ, ಆದರೆ ಮೂಳೆ ಮುರಿಯಬಹುದು ಎಂದರು ಚಳ್ಳಕೆರೆಯ ಡಾಕ್ಟರು. ಟೊಳ್ಳನ್ನು ಕೆರೆದು ಸೂಜಿಯಿಂದ ಮೂಳೆಗೆಂದೇ ಮಾಡಿದ ಸಿಮೆಂಟು ತುಂಬಬೇಕು. ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ನಾನು ಕಲಸುತ್ತಿದ್ದುದೂ ಅಂಥದೇ. ಸಿಮೆಂಟು ಒಂದೇ ಗಟ್ಟಿಯಾಗಿ ಕೂತರೆ ಮೂಳೆಗೆ ಒಳಗೆ ಬರಲು ದಾರಿಯಿಲ್ಲ. ಅದಕ್ಕೇ ಅದರಲ್ಲಿ ಜೆಲಾಟಿನ್ನಿನ ಸಣ್ಣ ಮಣಿ ಬೆರೆಸುತ್ತೇವೆ. ಮೈಯೊಳಗೆ ಅವು ಕರಗಿದಲ್ಲಿ ತೂತು ಉಳಿಯುತ್ತದೆ, ತೂತಿನಲ್ಲಿ ಹೊಸ ಮೂಳೆ ಬೆಳೆಯುತ್ತದೆ.

"ತೂತು ಮಾಡೋದು ಕಲಿಯೋಕೆ ಇಷ್ಟು ವರ್ಷ ಓದಿದ್ಯೇನೋ?" ಅಕ್ಕ ಆಸ್ಪತ್ರೆಯ ಮಂಚದಿಂದಲೇ ನಕ್ಕಳು. "ನನ್ನ ಕಾಲಲ್ಲಿ ಪುಗಸಟ್ಟೆ ಐತಲ್ಲೋ."

ಡಾಕ್ಟರು ಎರಡು ಬಗೆ ಹೇಳಿದರು. ಒಂದು ಕಲ್ಲಿನಷ್ಟು ಗಟ್ಟಿ, ಬೇಗ ಓಡಾಡಬಹುದು, ಆದರೆ ಮೂಳೆಗೆ ಅದು ಎಂದೆಂದಿಗೂ ಹೊರಗಿನದೇ. ಇನ್ನೊಂದು ತೂತಿನದು. ಮೂಳೆ ತುಂಬುವ ತನಕ ಬಲ ಕಮ್ಮಿ, ಮೂರು ತಿಂಗಳು ಕಾಲೂರುವಂತಿಲ್ಲ. ನಾನು ಎರಡನೆಯದಕ್ಕೇ ಹಟ ಹಿಡಿದೆ.

"ಮಗ್ಗದ ಮೇಲೆ ಮದುವೆ ಸೀರೆ ಐತೆ ಕಣೋ," ಅಂದಳು. ಹೊದಿಕೆ ಸರಿಸಿ ಮೊಣಕಾಲು ನೀವಿಕೊಂಡಳು. "ಸರಿ, ನಿನ್ನ ತೂತಿಂದೇ ಹಾಕ್ಸು."

ಆಪರೇಷನ್ ಮುಗಿದು ಅಕ್ಕ ಮನೆಗೆ ಹೋದಳು, ನಾನು ಲ್ಯಾಬಿಗೆ ಮರಳಿದೆ. ಅಲ್ಲಿಂದ ನನ್ನ ನೆಮ್ಮದಿ ಕೆಟ್ಟಿತು. ಮಣಿ ತುಸು ಹೆಚ್ಚಾದ ಸಿಮೆಂಟಿನ ತುಂಡುಗಳು ಲ್ಯಾಬಿನಲ್ಲಿ ಹೆಬ್ಬೆರಳಿನ ಒತ್ತಿಗೇ ಪುಡಿಯಾಗುತ್ತಿದ್ದವು. ಕೈ ತೊಳೆದುಕೊಂಡು ಅಕ್ಕನಿಗೆ ಫೋನು ಮಾಡಿದರೆ ಹಿಂದೆ ಮಗ್ಗದ ಸದ್ದು.

"ಯಾರು ನೇಯ್ತಿರೋದು?"

"ಪಕ್ಕದ ಮನೇದು. ನಿನ್ನ ಕಿವಿ ಇಲ್ಲಿ ಗಂಟ ಬರ್ತೈತಾ?"

ನಂಬಲಿಲ್ಲ. ಬಸ್ಸು ಹತ್ತಿದೆ. ಚಳ್ಳಕೆರೆಯಲ್ಲಿ ಇಳಿದು ಇನ್ನೊಂದು ಹಿಡಿದೆ. ಬಿ.ಜಿ. ಕೆರೆ ದಾಟುವಷ್ಟರಲ್ಲಿ ಕೂರಲಾಗದೆ ಬಾಗಿಲ ಹತ್ತಿರ ಬಂದು ನಿಂತಿದ್ದೆ. ಮನೆಗೆ ಹೋದರೆ ಅಕ್ಕ ಮಗ್ಗದಲ್ಲೇ ಕೂತಿದ್ದಳು. ಎಡಗಾಲು ಗುಂಡಿಯೊಳಗೆ ತುಳಿಯುವ ಎರಡೂ ಹಲಗೆಗಳ ಮೇಲೆ ಅತ್ತ ಇತ್ತ ಸರಿದಾಡುತ್ತಿತ್ತು.

"ಏಮ್ರಾ, ಪೊಲೀಸ್ನೋರ ಥರ ಬಂದೆ?" ಅಕ್ಕ ತೆಲುಗು ಬೆರೆಸಿ ಛೇಡಿಸಿದಳು.

ಅವಳು ಇವತ್ತಿಗೂ ಹೇಳುವುದು, ಬಲಗಾಲನ್ನು ಗುಂಡಿಯ ಅಂಚಿಗೆ ದಿಂಬು ಹಾಕಿ ಚಾಚಿದ್ದೆ, ಒಂದು ಸಲವೂ ಊರಲಿಲ್ಲ ಎಂದು. ದಿಂಬು ನನಗೂ ನೆನಪಿದೆ. ಆದರೆ ನನ್ನ ನೆರಳು ಬಿದ್ದ ಕೂಡಲೇ ಆ ಕಾಲು ಸರಕ್ಕನೆ ಮೇಲೆ ಬಂದದ್ದೂ ನೆನಪಿದೆ. ನಾನು ಬೀದಿಗೆ ಕೇಳುವಂತೆ ಕೂಗಾಡಿದೆನಂತೆ. ನನ್ನ ನೆನಪಿನಲ್ಲಿ ನಾನು ಮೆತ್ತಗೇ ಮಾತಾಡಿದ್ದೇನೆ. ನನ್ನ ನೆನಪಿನ ಮೇಲೆ ನನಗೆ ಅಂಥ ನಂಬಿಕೆಯೇನಿಲ್ಲ.

ಮುಂದಿನ ವರ್ಷ ಡಾಕ್ಟರ ಹತ್ತಿರ ಹಳೆಯದು, ಹೊಸದು ಎರಡೂ ಎಕ್ಸ್‌ರೇ ಕೇಳಿ ಪಡೆದು ಕಿಟಕಿಯ ಬೆಳಕಿಗೆ ಹಿಡಿದೆ. ಹಳೆಯದರಲ್ಲಿ ಸಿಮೆಂಟಿನ ಬಿಳಿ ಮಚ್ಚೆಗೆ ಚಾಕುವಿನಿಂದ ಕೊಯ್ದಂಥ ಅಂಚು. ಹೊಸದರಲ್ಲಿ ಅಂಚು ಇರಲಿಲ್ಲ. ಮೂಳೆಯ ಗೆರೆಗಳು ಮಚ್ಚೆಯೊಳಗೆ ಹೋಗಿದ್ದವು.