ಒಂದು ಚಹಾದ ಹೊತ್ತಿನಲ್ಲಿ ತೋಡಿದ ಗುಂಡಿ

ಮೊನ್ನೆ ಕೊಪ್ಪಳದ ನಮ್ಮ ಓಣಿಯಲ್ಲಿ ನೀರಿನ ಪೈಪು ಹಾಕಲು ಜೆಸಿಬಿ ಬಂದಿತ್ತು. ಬೆಳಿಗ್ಗೆ ಕಸ ಹೊಡೆಯಲು ಬಾಗಿಲು ತೆಗೆದೆ. ಆಗತಾನೇ ಮೇಲೆ ಬಂದ ಕೆಂಪು ಮಣ್ಣಿನ ವಾಸನೆ, ಅದರೊಳಗೆ ಕಲೆತ ಡೀಸೆಲ್ಲು, ಎರಡೂ ಒಟ್ಟಿಗೆ ಮೂಗಿಗೆ ಬಡಿದವು. ಬಾಗಿಲ ಮುಂದೆಯೇ ಮಣ್ಣು ಸುರಿದಿದ್ದೀಯಲ್ಲ ಎಂದು ಡ್ರೈವರನ ಮೇಲೆ ರೇಗಿದೆ. ಪಾಪ, ಅವನದೇನೂ ತಪ್ಪಿರಲಿಲ್ಲ. ಆ ವಾಸನೆ ಬಂದರೆ ನನಗೆ ಕಾಕಾ ನೆನಪಾಗುತ್ತಾನೆ, ನೆನಪಾದರೆ ನಾನು ನೆಟ್ಟಗಿರುವುದಿಲ್ಲ...

ಕಾಕಾ ಎಂದರೆ ರಕ್ತಸಂಬಂಧಿಯಲ್ಲ. ಯಲಬುರ್ಗಾ ಕಡೆಯ ನಮ್ಮ ತವರೂರಿನಲ್ಲಿ ಮಗ್ಗಲ ಮನೆಯವನು. ಅಪ್ಪನಿಗೆ ಅಣ್ಣಾ ಎನ್ನುತ್ತಿದ್ದ, ಹಾಗಾಗಿ ನಮಗೆ ಕಾಕಾ. ಬೆಳಗಾದರೆ ಹೇಳದೆ ಕೇಳದೆ ಒಳಗೆ ಬಂದು ಒಲೆಯ ಹತ್ತಿರ ಕೂರುತ್ತಿದ್ದ, ಅವ್ವ ಚಹಾದ ಬಟ್ಟಲು ಮುಂದಿಡುತ್ತಿದ್ದಳು. ನನಗಾಗ ಗಂಡು ನೋಡುತ್ತಿದ್ದ ಕಾಲ. ಬಂದ ಗಂಡುಗಳನ್ನೆಲ್ಲ ಕಾಕಾ ಕೂತಲ್ಲೇ ಅಣಕಿಸುತ್ತಿದ್ದ. ಒಬ್ಬನ ನಡಿಗೆ, ಇನ್ನೊಬ್ಬನ ಕೆಮ್ಮು... ಚಹಾ ಗಂಟಲಿಗೆ ಹತ್ತುವಷ್ಟು ನಗುತ್ತಿದ್ದೆವು.

ಕಾಕಾನ ಹೊಲ ನಮ್ಮ ಹೊಲಕ್ಕೆ ಹತ್ತಿಕೊಂಡೇ ಇತ್ತು, ನಡುವೆ ಒಂದು ಬದು. ಆ ವರ್ಷ ಅವನ ಶೇಂಗಾ ಚೆನ್ನಾಗಿ ಬಂದಿತ್ತು, ಕಾಡುಹಂದಿಗಳೂ ಹಾಗೇ ಬಂದವು. ನಮ್ಮೂರಲ್ಲಿ ಹಂದಿಗೆ ಗುಂಡಿ ತೋಡುವುದು ಹಿಂದಿನಿಂದ ಇದ್ದದ್ದೇ. ಅವು ಬರುವ ದಾರಿಯಲ್ಲಿ ಆಳವಾಗಿ ತೋಡಿ, ಮೇಲೆ ಕಟ್ಟಿಗೆ, ಸಜ್ಜೆ ದಂಟು ಹಾಸಿ ಮಣ್ಣು ಉದುರಿಸುತ್ತಿದ್ದರು. ನಮ್ಮ ನೆಲ ಗರಸು ಮಣ್ಣಿನದು, ಹಾರೆ ಹಾಕಿದರೆ ಕಿಡಿ ಹಾರುತ್ತದೆ. ಒಂದು ಗುಂಡಿಗೆ ಮೂರು ನಾಲ್ಕು ದಿನ ಹಿಡಿಯುತ್ತಿತ್ತು. ದಾರಿಯಲ್ಲಿ ಹೋಗುವವರು ನಿಂತು, ಎಲೆಯಡಿಕೆ ಹಾಕಿಕೊಂಡು, ಇಷ್ಟು ಆಳ ಸಾಲದು ಎಂದು ಬುದ್ಧಿ ಹೇಳಿ, ನಾಲ್ಕು ಸಲಿಕೆ ಮಣ್ಣು ಎತ್ತಿಹಾಕಿ ಹೋಗುತ್ತಿದ್ದರು. ಮಾತು ಜಾಸ್ತಿ, ಕೆಲಸ ಕಡಿಮೆ ಎಂದು ನಾನೇ ನಕ್ಕಿದ್ದೇನೆ.

ಆ ಸಲ ಊರಿನ ಆಳುಗಳೆಲ್ಲ ಭತ್ತದ ಕೆಲಸಕ್ಕೆ ಗಂಗಾವತಿ ಕಡೆ ಹೋಗಿದ್ದರು. ಕಾಕಾನಿಗೆ ಮಕ್ಕಳಿರಲಿಲ್ಲ, ಹೆಗಲು ಬೇರೆ ನೋಯುತ್ತಿತ್ತು. ಕೆರೆ ಕೆಲಸಕ್ಕೆಂದು ಊರಿಗೆ ಜೆಸಿಬಿ ಬಂದದ್ದೇ ತಡ, ಒಲೆಯ ಹತ್ತಿರ ವಾದ ಶುರುವಾಯಿತು.

"ಹಾರಿ ಸಲಿಕಿ ಹಿಡ್ಕೊಂಡು ಕುಂತ್ರ ನಾಕ್ ದಿನ ಹೊಕ್ಕಾವು. ಮಷೀನ್ ಆದ್ರ ಒಂದ್ ಚಾ ಕುಡಿಯೂದ್ರಾಗ ಗುಂಡಿ ತಯಾರ್ ನೋಡಣ್ಣಾ" ಎಂದ ಕಾಕಾ.

"ಹಂದಿ ಮೂಗು ಅಂದ್ರ ಏನಂತ ತಿಳದಿ? ಎಣ್ಣಿ ವಾಸ್ನಿ ಬಡದ್ರ ಆ ಕಡಿ ಸುಳಿಯಂಗಿಲ್ಲ" ಎಂದ ಅಪ್ಪ.

"ಸಗಣಿ ನೀರ್ ಹೊಡದ್ರ ಆತು."

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಪೈಕಿ ಇಬ್ಬರೂ. ಮಷೀನೋ ಹಾರೆಯೋ ಎಂದು ಹಲವು ಬೆಳಗು ಮಾತಾಡಿದರು. ಹಂದಿಗೆ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದೇ ಅವರ ಚರ್ಚೆ. ಅಲ್ಲಿ ಗುಂಡಿಯಿದೆ ಎಂದು ಮನುಷ್ಯರಿಗೆ ಹೇಗೆ ತಿಳಿಯುತ್ತದೆ ಎಂದು ಅಪ್ಪ ಕೇಳಲಿಲ್ಲ, ಕಾಕಾ ಕೇಳಲಿಲ್ಲ, ಪಕ್ಕದಲ್ಲೇ ರೊಟ್ಟಿ ಬಡಿಯುತ್ತಿದ್ದ ನಾನೂ ಕೇಳಲಿಲ್ಲ.

ಒಂದು ಸಂಜೆ ಕೆರೆಯಿಂದ ಹಿಂದಿರುಗುವಾಗ ಆ ಮಷೀನು ಕಾಕಾನ ಹೊಲಕ್ಕೆ ಹೊಕ್ಕು, ನಿಜವಾಗಿಯೂ ಒಂದು ಚಹಾದ ಹೊತ್ತಿನಲ್ಲಿ ಗುಂಡಿ ತೋಡಿ ಹೋಯಿತು. ಕಾಕಾ ಒಬ್ಬನೇ ಅದರ ಬಾಯಿ ಮುಚ್ಚಿ, ಸಗಣಿ ನೀರು ಹೊಡೆದು ಬಂದ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕುಷ್ಟಗಿಗೆ ಹೋದ. ಗುಂಡಿ ಎಲ್ಲಿದೆ ಎಂದು ಯಾರಿಗೂ ಹೇಳಲಿಲ್ಲ. ಯಾಕೆಂದರೆ ಹೇಳುವ ರೂಢಿಯೇ ನಮ್ಮೂರಲ್ಲಿರಲಿಲ್ಲ. ಗುಂಡಿ ತೋಡಿ ಮುಗಿಯುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿಯೇ ಇರುತ್ತಿತ್ತು. ಆ ಮೂರು ನಾಲ್ಕು ದಿನದ ಹರಟೆಯೇ ಊರಿಗೆ ಸುದ್ದಿ ಮುಟ್ಟಿಸುತ್ತಿತ್ತು ಎಂಬುದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ.

ಅಂದು ಅಪ್ಪ ನಮ್ಮ ಹೊಲದಲ್ಲಿ ಎತ್ತು ಹೂಡಿ, ಸಾಲುಗಳ ನಡುವಿನ ಕಳೆಗೆ ಎಡೆ ಹೊಡೆಯುತ್ತಿದ್ದ. ನಾನು ರೊಟ್ಟಿ ಬುತ್ತಿ ಒಯ್ದಾಗ ಎತ್ತುಗಳ ಕೊರಳು ಬಿಚ್ಚಿ ಬದುವಿನಲ್ಲಿ ಮೇಯಲು ಬಿಟ್ಟ. ಎಡಕ್ಕೆ ಕಟ್ಟುವ ಬಿಳಿ ಎತ್ತು ಹುಲ್ಲು ಹುಡುಕುತ್ತ ಬದು ದಾಟಿತು. ನಾವು ನೋಡನೋಡುತ್ತಿದ್ದಂತೆ ಅದು ಅಲ್ಲಿರಲಿಲ್ಲ. ಧೂಳು ಎದ್ದಿತು, ಆಮೇಲೆ ಆ ಕೂಗು... ಅದನ್ನು ಬರೆಯಲು ನನಗೆ ಬರುವುದಿಲ್ಲ.

ಗುಂಡಿಯ ಗೋಡೆಗಳು ಕೊಯ್ದಿಟ್ಟ ಹಾಗೆ ನೆಟ್ಟಗಿದ್ದವು. ಎತ್ತಿನ ಮುಂಗಾಲು ಮುರಿದಿತ್ತು. ಹಗ್ಗ ತಂದರು, ಅದು ಎತ್ತಿನ ಹೊಟ್ಟೆಗೆ ಕೊರೆಯಿತು. ಗುಂಡಿ ತೋಡಿದ ಮಷೀನೇ ಬಂದು ಒಂದು ಕಡೆ ಇಳಿಜಾರು ಮಾಡಲಿ ಎಂದು ಸೈಕಲ್ ಮೇಲೆ ಒಬ್ಬನನ್ನು ಓಡಿಸಿದೆವು. ಅದು ಇಟಗಿ ಕಡೆ ಬೇರೆ ಕೆಲಸಕ್ಕೆ ಹೋಗಿ ಕೆಟ್ಟು ನಿಂತಿತ್ತು. ಕೊನೆಗೆ ಊರಲ್ಲಿ ಉಳಿದಿದ್ದ ಮುದುಕರು, ಹೆಂಗಸರು ಎಲ್ಲರೂ ಹಾರೆ, ಗುದ್ದಲಿ, ಬುಟ್ಟಿ ಹಿಡಿದು ಅಗೆಯತೊಡಗಿದೆವು. ನನ್ನ ಅಂಗೈ ಬೊಬ್ಬೆ ಒಡೆದು ರಕ್ತ ಬಂತು. ಮಣ್ಣು ಮಾತ್ರ ತನ್ನ ಲೆಕ್ಕದಲ್ಲೇ ಬಿಡುತ್ತಿತ್ತು, ನಮ್ಮ ಅವಸರ ಅದಕ್ಕೇನು ಗೊತ್ತು.

ಮಧ್ಯಾಹ್ನದ ಬಸ್ಸಿಳಿದ ಕಾಕಾ ಅಲ್ಲಿಂದಲೇ ಓಡಿಬಂದ. ಬಂದವನು ಯಾರನ್ನೂ ನೋಡಲಿಲ್ಲ, ಹಗ್ಗ ಹಿಡಿದು ಗುಂಡಿಗಿಳಿದ. ಎತ್ತಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅದು ಒದ್ದಾಡಿದರೆ ನಿನ್ನ ಜೀವಕ್ಕೆ ಕುತ್ತು, ಮೇಲೆ ಬಾ ಎಂದು ಅಪ್ಪ ಬೇಡಿಕೊಂಡ.

"ಆತು ಅಣ್ಣಾ, ಆತು, ಇನ್ನ ಸ್ವಲ್ಪೈತಿ" ಎನ್ನುತ್ತಿದ್ದ ಕಾಕಾ. ಅಪ್ಪನಿಗೆ ಹೇಳುತ್ತಿದ್ದನೋ, ಎತ್ತಿಗೋ, ತಿಳಿಯಲಿಲ್ಲ. ಹೊತ್ತು ಮುಳುಗುವಾಗ ಇಳಿಜಾರು ಗುಂಡಿಯ ತಳ ಮುಟ್ಟಿತು. ಅಷ್ಟರಲ್ಲಿ ಎತ್ತು ಸತ್ತು ಬಹಳ ಹೊತ್ತಾಗಿತ್ತು. ಗುಂಡಿ ಎಲ್ಲಿದೆ ಎಂಬುದು ಆಗ ಊರಿಗೆಲ್ಲ ಗೊತ್ತಾಗಿತ್ತು.

ಮರುದಿನ ಬೆಳಿಗ್ಗೆ ನೋಡಿದರೆ ನಮ್ಮ ಬಾಗಿಲಲ್ಲಿ ಕಾಕಾನ ಎತ್ತು ಕಟ್ಟಿತ್ತು, ಕಾಕಾ ಇರಲಿಲ್ಲ. ಅಪ್ಪ ಅದನ್ನು ಹೊಡೆದುಕೊಂಡು ಹೋಗಿ ಅವನ ಕೊಟ್ಟಿಗೆಯಲ್ಲಿ ಕಟ್ಟಿಬಂದ. ಕಾಕಾ ಮತ್ತೆ ತಂದು ಕಟ್ಟಿದ, ಅಪ್ಪ ಮತ್ತೆ ಬಿಟ್ಟುಬಂದ.

"ನಿನ್ನ ಜೋಡಿನೂ ಒಡದು ಏನ್ ಮಾಡ್ಲೆಪಾ? ಬರ್ಬೇಕಾದದ್ದು ಬಂತು. ನೀ ಚಾಕ್ಕ ಬಾ, ಸಾಕು" ಎಂದ ಅಪ್ಪ. ಕಾಕಾ ತಲೆ ಅಲ್ಲಾಡಿಸಿದ, ಬರಲಿಲ್ಲ.

ಆಮೇಲೂ ಬರಲಿಲ್ಲ. ಆ ಗುಂಡಿಯನ್ನು ಬುಟ್ಟಿಯಲ್ಲಿ ಮಣ್ಣು ಹೊತ್ತು ತಾನೊಬ್ಬನೇ ಮುಚ್ಚಿದ, ಯಾರಿಗೂ ಕೈ ಹಚ್ಚಗೊಡಲಿಲ್ಲ. ಹಂದಿಗಳು ಶೇಂಗಾ ಹೊಲ ಉತ್ತು ಹಾಕಿದವು, ಅವನು ಹೋ ಎಂದು ಕೂಗಲೂ ಇಲ್ಲ. ಊರಿನವರು ಒಂದು ಬಿರುಸು ಮಾತು ಆಡಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದನೋ ಏನೋ. ನಾವೆಲ್ಲ ಒಳ್ಳೆಯವರಾಗಿಬಿಟ್ಟೆವು, ಅವನಿಗೆ ದಾರಿಯೇ ಉಳಿಯಲಿಲ್ಲ. ನನ್ನ ಮದುವೆಯಲ್ಲಿ ಚಪ್ಪರದ ಹೊರಗೆ ನಿಂತು ಅಕ್ಕಿಕಾಳು ಹಾಕಿ ಹೋದನಂತೆ. ತವರಿಗೆ ಹೋದಾಗಲೆಲ್ಲ ಅವನ ಮನೆಗೆ ಹೋಗುತ್ತಿದ್ದೆ. ನನ್ನ ದನಿ ಕೇಳಿದರೆ ಹಿತ್ತಲಿನಿಂದ ಹೊರಬೀಳುತ್ತಿದ್ದ. ಕಾಕಾನ ಹೆಂಡತಿ, ನಮ್ಮ ಚಿಗವ್ವ, ನನ್ನ ಮುಖ ನೋಡಿ ಸುಮ್ಮನೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ನಮ್ಮ ಮನೆಯ ಮುಂದೆ ಅವನು ಕಾಣಿಸುವುದೇ ನಿಂತುಹೋಗಿತ್ತು. ಹಿಂದಿನ ಹಳ್ಳದ ದಾರಿಯಿಂದ ಹೊಲಕ್ಕೆ ಹೋಗುತ್ತಾನೆ ಎಂದುಕೊಂಡಿದ್ದೆ.

ಈ ಬೇಸಿಗೆಯಲ್ಲಿ ಕಾಕಾ ಹೋದ. ಮಣ್ಣಿಗೆ ಹೋಗಿದ್ದೆ. ಎಲ್ಲ ಮುಗಿದು ಚಿಗವ್ವನ ಹತ್ತಿರ ಕೂತಾಗ ಹಳ್ಳದ ದಾರಿಯ ಮಾತೆತ್ತಿದೆ.

"ಹಳ್ಳದ ದಾರಿ ಅವರ ಕಾಲಿಗೆ ಎಲ್ಲಿ ಆಗ್ತಿತ್ತವಾ? ದಿನಾ ನಿಮ್ಮ ಮನಿ ಮುಂದಾಸೇ ಹೋಗ್ತಿದ್ರು. ನಿಮ್ಮ ಬಾಗ್ಲ ಬಂತಂದ್ರ ಮೆಟ್ಟು ಕಳದು ಕೈಯಾಗ ಹಿಡ್ಕೋತಿದ್ರು. ಸಪ್ಪಳಾದ್ರ ಅಣ್ಣ ಹೊರಗ ಬರ್ತಾನಂತ."

ಮನೆಗೆ ಬಂದು ಅಪ್ಪನಿಗೆ ಹೇಳಿದೆ.

"ಗೊತ್ತಿತ್ತವಾ" ಎಂದ. "ಕಿಟಕ್ಯಾಗಿಂದ ದಿನಾ ನೋಡ್ತಿದ್ದೆ. ಕರದ್ರ ಆ ದಾರಿನೂ ಬಿಟ್ಟಾನಂತ ಸುಮ್ನ ಕುಂದರ್ತಿದ್ದೆ."

ಇಬ್ಬರಲ್ಲಿ ಯಾರ ಮೇಲೆ ಸಿಟ್ಟಾಗಬೇಕೋ ನನಗೆ ತಿಳಿಯಲಿಲ್ಲ. ಒಬ್ಬ ಸಿಟ್ಟಿಗೆ ಸಿಗದಷ್ಟು ದೂರ ಹೋಗಿದ್ದ. ಇನ್ನೊಬ್ಬ ಆಗಲೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದ.