ಏಳನೇ ಕೋಣೆಯ ಪಾಸ್‌ವರ್ಡ್ ಅಕ್ಕ

ಅವರನ್ನು ನಾನು ಮೊದಲು ನೋಡಿದ್ದು ಕಾಲೇಜಿನ ಏಳನೇ ಕೋಣೆಯಲ್ಲಿ. ಪಾಠ ಹೇಳುವ ಕೆಲಸಕ್ಕೆ ಸೇರಿ ನನಗೆ ಮೂರು ದಿನವಾಗಿತ್ತು. ಮೆಟ್ಟಿಲಿನ ಪಕ್ಕದ ಆ ಕೋಣೆಯಲ್ಲಿ ಹನ್ನೆರಡು ಕಂಪ್ಯೂಟರ್‌ಗಳಿದ್ದವು. ಮೂರರ ಮೇಲೆ ‘ಕೆಟ್ಟಿದೆ’ ಎಂಬ ಚೀಟಿ ಅಂಟಿಸಿತ್ತು. ಕಿಟಕಿ ಬಡಿಯದಿರಲೆಂದು ಹಳೆಯ ಉತ್ತರಪತ್ರಿಕೆಯೊಂದನ್ನು ಮಡಚಿ ಸಂದಿಗೆ ಸಿಕ್ಕಿಸಿದ್ದರು. ನಲವತ್ತು ದಾಟಿದ ಹೆಂಗಸೊಬ್ಬರು, ಬೂದು ಬಣ್ಣದ ಸ್ವೆಟರ್ ತೊಟ್ಟು, ಕನ್ನಡಕವನ್ನು ದಾರದಲ್ಲಿ ಕುತ್ತಿಗೆಗೆ ನೇತುಹಾಕಿಕೊಂಡು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದರು. ಪರೀಕ್ಷೆಯ ಮೇಲ್ವಿಚಾರಕರಿರಬೇಕು ಎಂದುಕೊಂಡೆ.

ಪಾಠ, ಟಿಪ್ಪಣಿ, ಅಸೈನ್‌ಮೆಂಟ್, ಕಿರುಪರೀಕ್ಷೆ ಎಲ್ಲವನ್ನೂ ಆನ್‌ಲೈನಿನಲ್ಲಿ ಇಡುವ ವ್ಯವಸ್ಥೆಯೊಂದು ನಮ್ಮ ಕಾಲೇಜಿಗೆ ಹೊಸದಾಗಿ ಬಂದಿತ್ತು. ಎಲ್ಲರೂ ಅದನ್ನು ಪೋರ್ಟಲ್ ಎನ್ನುತ್ತಿದ್ದರು. ಅದನ್ನು ನಡೆಸುವುದನ್ನು ಅಧ್ಯಾಪಕರಿಗೆ ಕಲಿಸುವುದು ಇವರ ಕೆಲಸ. ಮೊದಲ ಪಾಠ ಹೇಗೆ ಏರಿಸುವುದೆಂದು ಅವರು ಹೇಳಿದರು. ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಗೊತ್ತಿಲ್ಲ ಎಂದರೆ ಮರ್ಯಾದೆ ಹೋಗುತ್ತದೆ ಎಂಬ ಭಯ. “ಗೊತ್ತಾಯ್ತು” ಅಂದೆ.

“ಗೊತ್ತಾಗಿದ್ರೆ ಈಗ ನೀವು ನನಗೆ ಹೇಳ್ಕೊಡಿ ಮೇಡಂ” ಅಂದರು ಅವರು, ಪಕ್ಕಕ್ಕೆ ಬಂದು ನಿಲ್ಲುತ್ತಾ.

ನಾನು ತಡವರಿಸಿದೆ. ತಪ್ಪು ಕಡೆ ಒತ್ತಿ, ಏರಿಸಿದ್ದ ಪಾಠವನ್ನೇ ಅಳಿಸಿಬಿಟ್ಟೆ. ಅವರು ನಗಲಿಲ್ಲ, ಮೌಸನ್ನೂ ಕಿತ್ತುಕೊಳ್ಳಲಿಲ್ಲ. ಕೈ ಬೆನ್ನ ಹಿಂದೆಯೇ ಇತ್ತು. ನಾನೇ ಹುಡುಕಿ ಸರಿಮಾಡುವವರೆಗೆ, ಬಹುಶಃ ಇಪ್ಪತ್ತು ನಿಮಿಷ, ಕಾದರು.

ಅವರು ಮೊದಲು ಕಾಲೇಜಿನ ಕಛೇರಿಯಲ್ಲಿ ಟೈಪಿಸ್ಟ್ ಆಗಿದ್ದವರು. ಪೋರ್ಟಲ್ ಮಾರಿದ ಕಂಪನಿಯಿಂದ ಒಬ್ಬ ಯುವಕ ಬಂದು ಎರಡು ದಿನ ದೊಡ್ಡ ಸಭಾಂಗಣದಲ್ಲಿ ಪಟಪಟ ಮಾತಾಡಿ, ಚಪ್ಪಾಳೆ ಹೊಡೆಸಿಕೊಂಡು ಹೋಗಿದ್ದನಂತೆ. ಮೂರನೇ ದಿನ ನಲವತ್ತೆರಡು ಅಧ್ಯಾಪಕರಲ್ಲಿ ಒಬ್ಬರಿಗೂ ಒಳಗೆ ಹೋಗಲು ಬರಲಿಲ್ಲ. ಅಟೆಂಡರ್ ಕುರ್ಚಿ ಜೋಡಿಸುತ್ತಿದ್ದ ಹಿಂದಿನ ಸಾಲಿನಲ್ಲಿ ಕೂತು, ಆ ಯುವಕ ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡವರು ಇವರೊಬ್ಬರೇ. ಸಂಶಯ ಕೇಳಿದಾಗ ಆತ ಇವರ ಕೈಯಿಂದ ಮೌಸ್ ಎಳೆದುಕೊಂಡು ಟಕ್ಕೆಂದು ಮಾಡಿ ತೋರಿಸಿದ್ದನಂತೆ. “ಅವನ ಕೈಗೆ ಬರ್ತಿತ್ತು, ಬಂತು. ನನ್ನ ಕೈ ಕಲೀಲಿಲ್ಲ” ಎಂದು ಒಮ್ಮೆ ನನಗೆ ಹೇಳಿದರು. ಅಂದಿನಿಂದ ಯಾರ ಮೌಸನ್ನೂ ಮುಟ್ಟುವುದಿಲ್ಲ ಎಂದು ಕೈ ಕಟ್ಟಿಕೊಂಡರು. ಪಾಸ್‌ವರ್ಡ್ ಮರೆತವರೆಲ್ಲ ಅವರ ಬಳಿಗೇ ಓಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಪಾಸ್‌ವರ್ಡ್ ಅಕ್ಕ ಆದರು.

ಮನೆಯಲ್ಲಿ ಮುದ್ರಣಾಲಯದಲ್ಲಿ ದುಡಿಯುವ ಗಂಡ, ಶಾಲೆಗೆ ಹೋಗುವ ಮಗಳು, ಜೊತೆಗೆ ಅತ್ತೆ. ನಮ್ಮ ಸೊಸೆ ಮೇಷ್ಟ್ರುಗಳಿಗೇ ಮೇಷ್ಟ್ರು ಎಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದರಂತೆ. ಆದರೆ ಆ ಮೇಷ್ಟ್ರ ಕೆಲಸ ಕಾಯಂ ಆಗಿರಲಿಲ್ಲ. ಪ್ರತಿ ವರ್ಷ ಕಾಲೇಜು ತೆರೆಯುವ ಮುಂಚೆ, ಇನ್ನೊಂದು ವರ್ಷ ಇಟ್ಟುಕೊಂಡಿದ್ದೇವೆ ಎಂಬ ಪತ್ರಕ್ಕಾಗಿ ಕಛೇರಿಯ ಹೊರಗಿನ ಬೆಂಚಿನ ಮೇಲೆ ಎರಡು ಮೂರು ದಿನ ಕೂರಬೇಕಿತ್ತು. ಟೈಪಿಸ್ಟ್ ಆಗಿದ್ದ ಕಾಲದಿಂದಲೂ ಹೀಗೆ ಆರು ವರ್ಷ ಕೂತಿದ್ದರು. ನಾನು ಸೇರಿದ ವರ್ಷ ಪ್ರಾಂಶುಪಾಲರು ಒಂದು ಮಾತು ಕೊಟ್ಟಿದ್ದರು: ಆಡಳಿತ ಸಮಿತಿಯ ವಾರ್ಷಿಕ ಸಭೆಯ ಹೊತ್ತಿಗೆ ನಲವತ್ತೆರಡೂ ಅಧ್ಯಾಪಕರ ಪಾಠಗಳು ಪೋರ್ಟಲ್ಲಿನಲ್ಲಿದ್ದರೆ, ನಿಮ್ಮನ್ನು ಕಾಯಂ ಮಾಡಿ ಎಂದು ನಾನೇ ಬರೆಯುತ್ತೇನೆ.

ನಲವತ್ತೊಂದು ಜನ ಹೇಗೋ ದಾರಿಗೆ ಬಂದರು. ಉಳಿದವರು ಅರ್ಥಶಾಸ್ತ್ರದ ಹಿರಿಯ ಅಧ್ಯಾಪಕರು. ಕೋಟಿನ ತೋಳಿನ ಮೇಲೆ ಸದಾ ಸೀಮೆಸುಣ್ಣದ ಪುಡಿ ಇರುತ್ತಿದ್ದುದರಿಂದ ಅವರಿಗೆ ಚಾಕ್‌ಪೀಸ್ ಮೇಷ್ಟ್ರು ಎಂದೇ ಹೆಸರು. ಮೂವತ್ತು ವರ್ಷ ಕಪ್ಪುಹಲಗೆ ಸಾಕಾಗಿತ್ತು, ಈಗ ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂಬುದು ಅವರ ವಾದ. ಅವರ ಪಾಸ್‌ವರ್ಡ್ ಹಾಕಿ ನೀವೇ ಹತ್ತು ನಿಮಿಷದಲ್ಲಿ ಮುಗಿಸಿಬಿಡಿ ಅಕ್ಕ ಎಂದು ನಾವೆಲ್ಲ ಹೇಳಿದೆವು. ಅಕ್ಕ ಕೇಳಲಿಲ್ಲ. ದಿನಾ ಮೂರು ಗಂಟೆಗೆ ಹೋಗಿ ಮೇಷ್ಟ್ರ ಪಕ್ಕ ಕೈಕಟ್ಟಿ ನಿಲ್ಲುತ್ತಿದ್ದರು. ನಾಲ್ಕನೇ ವಾರಕ್ಕೆ ಮೇಷ್ಟ್ರು ತಾವಾಗಿಯೇ ಪಾಠ ಏರಿಸಿದರು. ಪೋರ್ಟಲ್ಲಿನ ಪಟ್ಟಿಯಲ್ಲಿ ನಲವತ್ತೆರಡಕ್ಕೂ ಹಸಿರು ಗುರುತು ಬಿತ್ತು. ಅಕ್ಕ ನಮಗೆಲ್ಲ ಚಹಾ ತರಿಸಿದರು.

ಸಭೆಗೆ ಇನ್ನು ಮೂರು ದಿನವಿದೆ ಎನ್ನುವಾಗ ಚಾಕ್‌ಪೀಸ್ ಮೇಷ್ಟ್ರು ಏಳನೇ ಕೋಣೆಗೆ ಸಿಟ್ಟಿನಲ್ಲಿ ಬಂದರು. ಎಂಟು ದಿನದಿಂದ ಓದಿಕೊಂಡು ಬನ್ನಿ ಅಂದರೂ ಒಬ್ಬ ವಿದ್ಯಾರ್ಥಿಯೂ ಓದಿಲ್ಲ. ಕೇಳಿದರೆ ಅಲ್ಲಿ ಏನೂ ಇಲ್ಲ ಎನ್ನುತ್ತಾರೆ. ಇಡೀ ತರಗತಿಯನ್ನು ನಿಲ್ಲಿಸಿ ಬೈದು ಬಂದಿದ್ದರು. “ಇಲ್ನೋಡು ತಾಯಿ, ನನ್ನ ಕಣ್ಣಿಗೇ ಕಾಣ್ತಿದೆಯಲ್ಲ. ಸುಳ್ಳು ಹೇಳೋಕೂ ಒಂದು ಮಿತಿ ಬೇಡ್ವಾ?”

ಅಕ್ಕ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಕಂಪ್ಯೂಟರಿನಲ್ಲಿ ಇಲ್ಲದ ವಿದ್ಯಾರ್ಥಿಯೊಬ್ಬನನ್ನು ಹುಟ್ಟಿಸಿದರು. ಹೆಸರಿನ ಜಾಗದಲ್ಲಿ ‘ಕೊನೆಯ ಬೆಂಚು’ ಎಂದು ಬರೆದು, ಮೇಷ್ಟ್ರ ತರಗತಿಗೆ ಸೇರಿಸಿ, ಆ ಹೆಸರಿನಲ್ಲಿ ಒಳಹೊಕ್ಕರು. ಪರದೆಯ ಮೇಲೆ ಮೇಷ್ಟ್ರ ಹೆಸರಿತ್ತು, ಅದರ ಕೆಳಗೆ ಏನೂ ಇರಲಿಲ್ಲ.

ಪೋರ್ಟಲ್ಲಿನಲ್ಲಿ ಪ್ರತಿ ಪಾಠದ ಪಕ್ಕ ಕಣ್ಣಿನ ಒಂದು ಚಿತ್ರವಿರುತ್ತದೆ. ಕಣ್ಣು ಮುಚ್ಚಿದ್ದರೆ ಪಾಠ ಅಧ್ಯಾಪಕರಿಗೆ ಮಾತ್ರ ಕಾಣುತ್ತದೆ. ಅರ್ಧಂಬರ್ಧ ಪಾಠ ಮಕ್ಕಳ ಕಣ್ಣಿಗೆ ಬೀಳಬಾರದು, ಕಣ್ಣು ಮುಚ್ಚಿಟ್ಟು ತಯಾರಿಸಿ, ಮುಗಿದ ಮೇಲೆ ತೆರೆಯಿರಿ ಎಂದು ಎಲ್ಲರಿಗೂ ಹೇಳಿಕೊಟ್ಟಿದ್ದವರು ಅಕ್ಕನೇ. ಆದರೆ ಅಧ್ಯಾಪಕರಿಗೆ ಎಲ್ಲವೂ ಕಾಣುತ್ತಿದ್ದುದರಿಂದ ತೆರೆಯುವುದು ಬಾಕಿ ಇದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಪಾಠ ಏರಿಸಿದ್ದರೆ ಸಾಕು, ಪಟ್ಟಿಯಲ್ಲೂ ಹಸಿರೇ ಬೀಳುತ್ತಿತ್ತು.

“ಅಂದ್ರೆ ಎಂಟು ದಿನ ನಾನು ಗೋಡೆಗೆ ಪಾಠ ಹೇಳಿದೀನಿ” ಅಂದರು ಮೇಷ್ಟ್ರು. ಪಾಠದ ಕಣ್ಣು ತೆರೆದು, ಎದ್ದು, ಬೈದ ತರಗತಿಗೇ ಹೋಗಿ ತಪ್ಪು ನನ್ನದು ಎಂದು ಹೇಳಿ ಬಂದರಂತೆ.

ಆ ಮಧ್ಯಾಹ್ನ ಅಕ್ಕ ‘ಕೊನೆಯ ಬೆಂಚ’ನ್ನು ಉಳಿದ ನಲವತ್ತೊಂದು ತರಗತಿಗಳಿಗೂ ಕಳಿಸಿ ನೋಡಿದರು. ಇನ್ನೂ ಹನ್ನೊಂದು ಖಾಲಿ. ಕಾಲೇಜಿನಲ್ಲಿದ್ದ ನಾಲ್ವರನ್ನು ಹಿಡಿದು ಅವರ ಕೈಯಲ್ಲೇ ತೆರೆಸಿದರು. ಏಳು ಮಂದಿ ಬೇರೆ ಊರಿಗೆ ಮೌಲ್ಯಮಾಪನಕ್ಕೆ ಹೋಗಿದ್ದರು, ಬರುವುದು ಸಭೆಯಾದ ಮೇಲೆ. ಕೂತಲ್ಲಿಂದಲೇ ಎಲ್ಲವನ್ನೂ ತೆರೆಯುವ ಅಧಿಕಾರ ಅಕ್ಕನಿಗಿತ್ತು. ತೆರೆಯಿರಿ ಎಂದು ನಾನೂ ಒತ್ತಾಯ ಮಾಡಿದೆ.

“ಅದರೊಳಗೆ ಯಾರು ಪ್ರಶ್ನೆಪತ್ರಿಕೆ ಇಟ್ಟಿದಾರೋ, ಯಾರು ಉತ್ತರ ಇಟ್ಟಿದಾರೋ. ಬೇಕಂತಲೇ ಮುಚ್ಚಿದ್ಯಾವುದು, ಮರೆತದ್ಯಾವುದು ಅಂತ ನನಗೇನು ಗೊತ್ತು ಮೇಡಂ? ಅವರ ಮನೆ ಬೀಗ ನಾನು ತೆಗೆಯಲ್ಲ.”

ವರದಿಯಲ್ಲಿ ಮೂವತ್ತೈದು ಎಂದು ಬರೆದರು. ಅದನ್ನು ಕೊಡಲು ಹೋದಾಗ ಜೊತೆಗೆ ನಾನೂ ಇದ್ದೆ. ಪ್ರಾಂಶುಪಾಲರು ಪರದೆ ತಿರುಗಿಸಿ ತೋರಿಸಿ, ಪಟ್ಟಿ ನಲವತ್ತೆರಡು ಅನ್ನುತ್ತಿದೆ, ಸಮಿತಿಯವರು ನೋಡುವುದೂ ಇದನ್ನೇ, ಸುಮ್ಮನೆ ಕಾಲ ಮೇಲೆ ಕಲ್ಲು ಎತ್ತಿಹಾಕಿಕೊಳ್ಳಬೇಡಿ ಎಂದು ಮೆಲ್ಲಗೆ ಬುದ್ಧಿ ಹೇಳಿದರು.

ಅಕ್ಕನ ಕೈ ಬೆನ್ನ ಹಿಂದೆಯೇ ಇತ್ತು. ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದು ಹಿಂದೆ ನಿಂತಿದ್ದ ನನಗೆ ಕಾಣುತ್ತಿತ್ತು. “ಅದು ಮೇಷ್ಟ್ರುಗಳಿಗೆ ಕಾಣೋದು ಸರ್. ಮಕ್ಕಳಿಗೆ ಕಾಣೋದು ಮೂವತ್ತೈದೇ. ಮುಚ್ಚಿಡಿ ಅಂತ ಹೇಳ್ಕೊಟ್ಟವಳೂ ನಾನೇ” ಅಂದರು.

ಸಮಿತಿ ಅವರನ್ನು ಕಾಯಂ ಮಾಡಲಿಲ್ಲ. ಇನ್ನೊಂದು ವರ್ಷಕ್ಕೆ ಇಟ್ಟುಕೊಂಡಿತು. ಊರಿಂದ ಬಂದ ಏಳೂ ಮಂದಿ ವಾರದೊಳಗೆ ತಮ್ಮ ಪಾಠಗಳನ್ನು ತೆರೆದರು, ಆದರೆ ಸಭೆ ಮುಗಿದುಹೋಗಿತ್ತು. ಮರುವರ್ಷ ಕಾಯಂ ಮಾಡಬಹುದಾದ ಹುದ್ದೆಗಳ ಪಟ್ಟಿಯಿಂದ ಆ ಹುದ್ದೆಯನ್ನೇ ತೆಗೆದರು. ನಾನು ಕೊರಗಿದಾಗ ಅಕ್ಕ, ಅತ್ತೆಗಿನ್ನೂ ವಿಷಯ ಹೇಳಿಲ್ಲ, ಬೀದಿಯಲ್ಲಿ ಆಕೆಯ ಮಾನ ಹೋಗುತ್ತದೆ ಎಂದು ನಕ್ಕರು. ಆ ವರ್ಷ ಚಾಕ್‌ಪೀಸ್ ಮೇಷ್ಟ್ರು ಕಛೇರಿಗೆ ಹೋಗಿ ಒಂದು ಗಂಟೆ ನಿಂತು, ಇನ್ನೊಂದು ವರ್ಷದ ಆ ಪತ್ರವನ್ನು ತಾವೇ ಏಳನೇ ಕೋಣೆಗೆ ತಂದುಕೊಟ್ಟರು. ಮೇಷ್ಟ್ರು ನಿವೃತ್ತರಾದ ಮೇಲೆ ಪತ್ರ ತರುವ ಕೆಲಸ ನಾನು ಮಾಡುತ್ತಿದ್ದೇನೆ. ಅಕ್ಕ ಮತ್ತೆ ಆ ಬೆಂಚಿನ ಮೇಲೆ ಕೂತಿಲ್ಲ.

ಈಗ ಅವರು ವಾರದಲ್ಲಿ ಮೂರು ದಿನ ನಮ್ಮ ಕಾಲೇಜಿನಲ್ಲಿ, ಎರಡು ದಿನ ಬಸ್ಸಿನಲ್ಲಿ ಹೋಗಿ ಇನ್ನೆರಡು ಕಾಲೇಜುಗಳಲ್ಲಿ ಅಧ್ಯಾಪಕರಿಗೆ ಪೋರ್ಟಲ್ ಕಲಿಸುತ್ತಾರೆ. ಪಾಠ ಏರಿಸಿದ ಪ್ರತಿಯೊಬ್ಬರನ್ನೂ ‘ಕೊನೆಯ ಬೆಂಚಿ’ನ ಹೆಸರಿನಲ್ಲಿ ಒಳಗೆ ಕಳಿಸಿ, ಏನು ಕಾಣುತ್ತದೆ ಎಂದು ಅವರ ಬಾಯಿಂದಲೇ ಹೇಳಿಸಿದ ಮೇಲಷ್ಟೇ ಮನೆಗೆ ಬಿಡುತ್ತಾರೆ.